ಬೆರಳಿಗೆ ಮಾತ್ರ ಗೊತ್ತಿರುವ ಪಿನ್

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಔಷಧಿ ಅಂಗಡಿಯಲ್ಲಿ ಬಿಲ್ ಕಟ್ಟಲು ಕಾರ್ಡ್ ಕೊಟ್ಟೆ. ಅಂಗಡಿಯವರು ಹೊಸ ಯಂತ್ರ ತರಿಸಿದ್ದರು. ಒತ್ತಲು ಗುಂಡಿಗಳೇ ಇಲ್ಲ, ಮೊಬೈಲಿನ ಹಾಗೆ ಬರೀ ಗಾಜು. ಅದರ ಮೇಲೆ ಮೂಡಿದ ಅಂಕೆಗಳೂ ತಮ್ಮ ಜಾಗದಲ್ಲಿರಲಿಲ್ಲ. ಒಂಬತ್ತರ ಪಕ್ಕ ಎರಡು, ಎರಡರ ಕೆಳಗೆ ಸೊನ್ನೆ, ಮೂಲೆಯಲ್ಲೆಲ್ಲೋ ಐದು. ಬೆರಳು ಓಡುವ ದಾರಿಯನ್ನು ನೋಡಿ ಪಕ್ಕದವರು ಪಿನ್ ಊಹಿಸದಿರಲಿ ಎಂದು ಹೀಗೆ ಕಲಸಿಡುತ್ತಾರಂತೆ. ಪಕ್ಕದವರ ಮಾತು ಹಾಗಿರಲಿ, ಆ ಹೊತ್ತಿನಲ್ಲಿ ನನಗೇ ನನ್ನ ಪಿನ್ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ವಾರಕ್ಕೆರಡು ಬಾರಿ ಒತ್ತುತ್ತಿದ್ದ ನಾಲ್ಕು ಅಂಕೆಗಳು! ಬೆರಳು ಗಾಜಿನ ಮೇಲೆ ತೂಗುತ್ತಾ ನಿಂತಿತು. ಮೂರು ಸಲ ಏನೇನೋ ಒತ್ತಿದೆ, ಕಾರ್ಡ್ ಬ್ಲಾಕ್ ಆಯಿತು. ಔಷಧಿಯನ್ನು ಸಾಲ ಹೇಳಿ ತಂದೆ.

ಮನೆಯಲ್ಲಿ ಹೆಂಡತಿ, "ರೀ, ಎಲ್ಲಾದರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದಳು. ಇರಲಿಲ್ಲ. ಸಹಕಾರ ಸಂಘದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವನ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಮಾತ್ರ ಇತ್ತು. ಅದನ್ನು ಮುಂದಿಟ್ಟುಕೊಂಡು, ಗೋಡೆ ನೋಡುತ್ತಾ, ಎಟಿಎಂ ಮುಂದೆ ನಿಂತಿದ್ದೇನೆ ಎಂದುಕೊಂಡು ಬೆರಳನ್ನು ಅದರ ಪಾಡಿಗೆ ಬಿಟ್ಟೆ. ಟಕಟಕ ಎಂದು ನಾಲ್ಕು ಅಂಕೆ ಬಂದವು. ಗೆದ್ದೆ ಎಂದುಕೊಂಡು ಬರೆದಿಟ್ಟುಕೊಂಡೆ. ಕಾರ್ಡ್ ಮತ್ತೆ ಕೆಲಸ ಮಾಡತೊಡಗಿದ ಮೇಲೆ ಎಟಿಎಂಗೆ ಹೋಗಿ, ಚೀಟಿ ನೋಡಿ ಒತ್ತಿದರೆ ತಪ್ಪು! ಕಾರಣ ಹೊಳೆದಾಗ ನನಗೇ ನಗು ಬಂತು. ಅದನ್ನು ಮುಂದೆ ಹೇಳುತ್ತೇನೆ. ಆ ಪೇಚಾಟದ ನಂತರ ನಾನು ಓದಿ, ಮಾಡಿ ನೋಡಿ ಕಂಡುಕೊಂಡ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಕೊಟ್ಟಿದ್ದೇನೆ.

ಮೊದಲು, ಇದು ಹೇಗೆ ಸಾಧ್ಯ?

ಕೈ ಪಳಗಿದೆ, ಕೈಗೆ ಬಂದಿದೆ ಎನ್ನುತ್ತೇವೆ. ಆದರೆ ಕೈಯ ಸ್ನಾಯುಗಳಲ್ಲಿ ನೆನಪೇನೂ ಇಲ್ಲ. ಅದು ಇರುವುದು ಮಿದುಳಿನಲ್ಲೇ. ಹೆಸರು, ಊರು, ದಿನಾಂಕಗಳನ್ನು ನೆನಪಿಡುವ ವ್ಯವಸ್ಥೆ ಒಂದು, ಚಲನೆಗಳನ್ನು ಕಲಿಯುವ ವ್ಯವಸ್ಥೆ ಇನ್ನೊಂದು. ಎರಡನೆಯದರಲ್ಲಿ ಕಿರುಮಿದುಳಿಗೂ ಮಿದುಳಿನ ಆಳದ ಕೆಲವು ಭಾಗಗಳಿಗೂ ದೊಡ್ಡ ಪಾತ್ರವಿದೆ. ಇವೆರಡೂ ಬೇರೆ ಎಂದು ಜಗತ್ತಿಗೆ ತೋರಿಸಿಕೊಟ್ಟವನು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿ. 1953ರಲ್ಲಿ ಅಪಸ್ಮಾರಕ್ಕಾಗಿ ನಡೆದ ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಅವನಿಗೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಅಂಚನ್ನು ತಿದ್ದುವ ಕೆಲಸವನ್ನು ಅವನಿಗೆ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಸುಧಾರಿಸಿತು. ಆದರೆ ಅದನ್ನು ಹಿಂದೆ ಮಾಡಿದ್ದೇನೆ ಎಂಬುದೇ ಅವನಿಗೆ ನೆನಪಿರಲಿಲ್ಲ. 1962ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಓದಿದಾಗ ಔಷಧಿ ಅಂಗಡಿಯ ಅವಮಾನ ಸ್ವಲ್ಪ ಕಡಿಮೆಯಾಯಿತು.

ನಮ್ಮಂಥ ಆರೋಗ್ಯವಂತರದೂ ಹೆಚ್ಚು ಬೇರೆ ಕಥೆಯಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಮಿಷಕ್ಕೆ ಸರಾಸರಿ 72 ಪದ ಟೈಪ್ ಮಾಡುವ ನೂರು ಮಂದಿಯ ಮುಂದೆ ಅಕ್ಷರವಿಲ್ಲದ ಕೀಬೋರ್ಡ್ ಚಿತ್ರವನ್ನಿಟ್ಟು, ಯಾವ ಅಕ್ಷರ ಎಲ್ಲಿದೆ ಬರೆಯಿರಿ ಎಂದರು. 80 ಸೆಕೆಂಡುಗಳಲ್ಲಿ ಅವರು ಸರಿಯಾದ ಜಾಗದಲ್ಲಿಟ್ಟದ್ದು ಸರಾಸರಿ 15 ಅಕ್ಷರ. ದಿನವಿಡೀ ಕುಟ್ಟುವ ಕೀಬೋರ್ಡಿನ ಗತಿಯೇ ಹೀಗಾದರೆ ನಾಲ್ಕು ಅಂಕೆಯ ಪಿನ್ ಯಾವ ಲೆಕ್ಕ?

ಹೆಜ್ಜೆ 1: ಯಾವುದು ತಲೆಯಲ್ಲಿದೆ, ಯಾವುದು ಬೆರಳಲ್ಲಿದೆ ಎಂದು ಬೇರ್ಪಡಿಸಿ

ಬಿಡುವಾಗಿದ್ದಾಗ ಒಂದು ಕಾಗದ ತೆಗೆದುಕೊಳ್ಳಿ. ನೀವು ಬಳಸುವ ಅಂಕೆಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿಕೊಳ್ಳಿ: ಎಟಿಎಂ ಪಿನ್, ಯುಪಿಐ ಪಿನ್, ಮೊಬೈಲ್ ತೆರೆಯುವ ಪಿನ್, ಕಚೇರಿ ಬಾಗಿಲಿನ ಅಂಕೆಬೀಗ, ಸೂಟ್‌ಕೇಸಿನ ಬೀಗ. ಈಗ ಪ್ರತಿಯೊಂದನ್ನೂ ಹಿಂದಿನಿಂದ ಮುಂದಕ್ಕೆ ಬರೆಯಿರಿ, ಕೊನೆಯ ಅಂಕೆ ಮೊದಲು. ಎಡಗೈ ಮೇಜಿನ ಮೇಲೆ ಅಲ್ಲಾಡದೆ ಇರಲಿ.

ತಲೆಯಲ್ಲಿರುವ ಸಂಖ್ಯೆಯಾದರೆ ಒಂದು ಕ್ಷಣ ತಡವರಿಸಿ ಬರೆಯುತ್ತೀರಿ. ಬೆರಳಲ್ಲಿ ಮಾತ್ರ ಇರುವುದಾದರೆ ಎಡಗೈ ತಾನಾಗಿ ತೊಡೆಯ ಮೇಲೆ ಚೌಕ ಗೀಚತೊಡಗುತ್ತದೆ. ಹದಿಮೂರೇಳಲಿ ಎಷ್ಟು ಎಂದು ಕೇಳಿದಾಗ ಚಿಕ್ಕಂದಿನಲ್ಲಿ ಹದಿಮೂರೊಂದಲಿಯಿಂದ ಮಗ್ಗಿ ಹೇಳಿಕೊಂಡು ಬರುತ್ತಿದ್ದೆವಲ್ಲ, ಇದೂ ಅದೇ. ಸರಪಳಿಯಂತೆ ಪೋಣಿಸಿಕೊಂಡ ನೆನಪು ಮೊದಲ ಕೊಂಡಿಯಿಂದ ಮಾತ್ರ ಎಳೆದರೆ ಬರುತ್ತದೆ. ಸಂಗೀತ ಕಲಿತವರನ್ನು ಸರಳೆ ವರಸೆಯ ನಡುವೆ ತಡೆದು, "ಇಲ್ಲಿಂದ ಮುಂದೆ ಹಾಡಿ" ಎಂದರೂ ಹೀಗೆಯೇ ತಿಣುಕುತ್ತಾರೆ.

ತೊಡೆ ಗೀಚಿಸಿದ ಸಂಖ್ಯೆಗಳೇ ಅಪಾಯದಲ್ಲಿರುವವು. ಅವು ಯಾವುವು ಎಂದು ಗೊತ್ತಾದ ಮೇಲೆ ಕಾಗದವನ್ನು ಸುಟ್ಟುಬಿಡಿ, ಇಲ್ಲವೇ ನೀರಲ್ಲಿ ಕಿವುಚಿ ಎಸೆಯಿರಿ.

ಹೆಜ್ಜೆ 2: ಮರೆತ ಸಂಖ್ಯೆಯನ್ನು ಬೆರಳಿನಿಂದ ಹೊರಗೆ ತರುವುದು

ಎಟಿಎಂ ಮುಂದೆ ಸಂಖ್ಯೆ ಮರೆತರೆ ಮೂರನೆಯ ಪ್ರಯತ್ನ ಮಾಡಬೇಡಿ. ಸಾಮಾನ್ಯವಾಗಿ ಮೂರು ತಪ್ಪಿಗೆ ಕಾರ್ಡಿಗೆ ತಡೆ ಬೀಳುತ್ತದೆ. ಒಂದು ಸಲ ತಪ್ಪಾದರೆ ಹೊರಗೆ ಬನ್ನಿ. ಸಾಲಿನಲ್ಲಿ ಹಿಂದೆ ನಿಂತವರ ನಿಟ್ಟುಸಿರಿನ ನಡುವೆ ಯಾವ ಬೆರಳಿಗೂ ಏನೂ ನೆನಪಾಗುವುದಿಲ್ಲ.

ಮನೆಗೆ ಬಂದು ಮೊಬೈಲಿನಲ್ಲಿ ಕರೆ ಮಾಡುವ ಡಯಲ್ ಪ್ಯಾಡ್ ತೆರೆಯಿರಿ. ಕ್ಯಾಲ್ಕುಲೇಟರ್ ಬೇಡ. ಎಟಿಎಂನಲ್ಲಿ ನಿಂತು ಒತ್ತುವ ರೂಢಿಯಿದ್ದರೆ ನಿಂತುಕೊಳ್ಳಿ. ಅದೇ ಕೈ, ಅದೇ ಬೆರಳು. ಮೊಬೈಲನ್ನು ಎದೆಯ ಮಟ್ಟದಲ್ಲಿ ಮೇಜು ಅಥವಾ ಕಪಾಟಿನ ಮೇಲಿಡಿ. ಬೆರಳನ್ನು ಮೊದಲು ಐದರ ಮೇಲೆ ತಂದಿಟ್ಟು ಜಾಗ ಗೊತ್ತು ಮಾಡಿಕೊಂಡು, ಆಮೇಲೆ ಕಣ್ಣನ್ನು ಬೇರೆ ಕಡೆ ಹೊರಳಿಸಿ. ಮನೆಯವರೊಂದಿಗೆ ನಾಳೆಯ ಅಡುಗೆಯ ಬಗ್ಗೆ ಮಾತಾಡುತ್ತಾ ಒತ್ತಿಬಿಡಿ. ಯೋಚಿಸಿದಷ್ಟೂ ಕೆಡುತ್ತದೆ, ಯೋಚಿಸದೆ ಬಂದ ಮೊದಲ ಓಟವೇ ನಂಬಲರ್ಹ. ಅಂಕೆಗಳನ್ನು ನೋಡದೆ ಅಳಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿ. ಮೂರನೆಯ ಸಲ ಮಾಡಿದಾಗ ನೋಡಿ. ಆಮೇಲೆ ಇನ್ನೊಮ್ಮೆ ಒತ್ತಿದಾಗಲೂ ಅದೇ ಬಂದರೆ ಅದೇ ನಿಮ್ಮ ಪಿನ್ ಇರಬಹುದು. ಕರೆ ಗುಂಡಿಯನ್ನು ಮುಟ್ಟಬೇಡಿ, ಕೊನೆಯಲ್ಲಿ ಎಲ್ಲವನ್ನೂ ಅಳಿಸಿಬಿಡಿ.

ಇದರಿಂದಲೂ ಬರದಿದ್ದರೆ ಹಟ ಹಿಡಿಯುವುದು ಬೇಡ, ಹೊಸ ಪಿನ್ ಮಾಡಿಕೊಳ್ಳಿ. ಈಗ ಹೆಚ್ಚಿನ ಬ್ಯಾಂಕುಗಳಲ್ಲಿ ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಬಳಸಿ ಎಟಿಎಂನಲ್ಲೇ ಪಿನ್ ಬದಲಿಸಬಹುದು.

ಹೆಜ್ಜೆ 3: ಎರಡು ಜಾತಿಯ ಕೀಪ್ಯಾಡುಗಳನ್ನು ಗುರುತಿಸಿ

ನಾನು ಬಿದ್ದ ಹಳ್ಳ ಇದೇ. ಫೋನ್ ಮತ್ತು ಎಟಿಎಂಗಳಲ್ಲಿ 1-2-3 ಮೇಲಿನ ಸಾಲು. ಕ್ಯಾಲ್ಕುಲೇಟರ್ ಮತ್ತು ಕಂಪ್ಯೂಟರ್ ಕೀಬೋರ್ಡಿನ ಬಲಬದಿಯ ಅಂಕೆಗಳಲ್ಲಿ 7-8-9 ಮೇಲಿನ ಸಾಲು. ದಿನಕ್ಕೆ ಹತ್ತು ಸಲ ಎರಡನ್ನೂ ಮುಟ್ಟುವವರಲ್ಲೂ ಹಲವರು ಇದನ್ನು ಗಮನಿಸಿರುವುದಿಲ್ಲ. ಬೆರಳು ಗಮನಿಸಿರುತ್ತದೆ, ಆದರೆ ಹೇಳುವುದಿಲ್ಲ.

ಕ್ಯಾಲ್ಕುಲೇಟರಿನ ಕ್ರಮ ಹಳೆಯ ಕೂಡುವ ಯಂತ್ರಗಳಿಂದ ಬಂದದ್ದು. ಅಮೆರಿಕದ ಡೇವಿಡ್ ಸಂಡ್‌ಸ್ಟ್ರಾಂಡ್ 1914ರ ಹೊತ್ತಿಗೆ ರೂಪಿಸಿದ ಹತ್ತು ಗುಂಡಿಗಳ ಯಂತ್ರದಲ್ಲೇ ಅದು ಕಾಣುತ್ತದೆ. ಫೋನಿನದು ಬೇರೆ ವಂಶ. ತಿರುಗುವ ಡಯಲ್ ಹೋಗಿ ಗುಂಡಿಗಳು ಬರುವಾಗ ಬೆಲ್ ಪ್ರಯೋಗಾಲಯದವರು ಅಂಕೆಗಳನ್ನು ಎರಡು ಸಾಲಾಗಿ, ವೃತ್ತವಾಗಿ, ಇನ್ನೂ ಹಲವು ಬಗೆಯಲ್ಲಿ ಜೋಡಿಸಿ ಜನರಿಂದ ಒತ್ತಿಸಿ ನೋಡಿದರು. ರಿಚರ್ಡ್ ಡೈನಿಂಜರ್ ಅದರ ವರದಿಯನ್ನು 1960ರಲ್ಲಿ ಪ್ರಕಟಿಸಿದರು. ವೇಗದಲ್ಲಿ ಭಾರೀ ಅಂತರವೇನೂ ಕಾಣಲಿಲ್ಲ. ಓದುವ ರೀತಿಯಲ್ಲೇ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಗುವ ಜೋಡಣೆ ಕೊನೆಗೆ ಉಳಿಯಿತು. 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಎರಡು ಸಣ್ಣ ಪಟ್ಟಣಗಳಲ್ಲಿ ಗುಂಡಿ ಫೋನ್ ಗ್ರಾಹಕರ ಮನೆ ಸೇರಿತು. ಕ್ಯಾಲ್ಕುಲೇಟರ್ ಪಳಗಿದವರ ವೇಗವನ್ನು ತಗ್ಗಿಸಲೆಂದೇ ಫೋನಿನಲ್ಲಿ ತಲೆಕೆಳಗು ಮಾಡಿದರು ಎಂಬ ಕಥೆಯನ್ನು ನೀವೂ ಕೇಳಿರಬಹುದು. ಕಥೆ ಚೆನ್ನಾಗಿದೆ, ಅಷ್ಟೇ.

ಉಪಯೋಗಕ್ಕೆ ಬರುವ ವಿಷಯ ಇದು: ಒಂದರಲ್ಲಿ ಕಲಿತ ಬೆರಳೋಟವನ್ನು ಇನ್ನೊಂದರ ಮೇಲೆ ಓಡಿಸಿದರೆ ನಡುಸಾಲಿನ 4, 5, 6 ಬದಲಾಗುವುದಿಲ್ಲ. ಕೆಳಗಿರುವ ಸೊನ್ನೆಯೂ ಹೆಚ್ಚುಕಡಿಮೆ ಅಲ್ಲೇ. ಬದಲಾಗುವುದು ಮೂರು ಜೋಡಿ ಮಾತ್ರ: ಒಂದು ಏಳಾಗುತ್ತದೆ, ಎರಡು ಎಂಟಾಗುತ್ತದೆ, ಮೂರು ಒಂಬತ್ತಾಗುತ್ತದೆ, ಏಳು, ಎಂಟು, ಒಂಬತ್ತು ಹಾಗೆಯೇ ತಿರುಗಿ ಒಂದು, ಎರಡು, ಮೂರಾಗುತ್ತವೆ. ಎಟಿಎಂನಲ್ಲಿ 1947 ಒತ್ತಿ ಪಳಗಿದ ಬೆರಳು ಕ್ಯಾಲ್ಕುಲೇಟರಿನಲ್ಲಿ 7341 ಒತ್ತುತ್ತದೆ. ನಾನು ಚೀಟಿಯಲ್ಲಿ ಬರೆದುಕೊಂಡಿದ್ದ ಸಂಖ್ಯೆಯನ್ನು ಎಟಿಎಂ ಕೋಣೆಯ ಹೊರಗೆ ನಿಂತು ಹೀಗೆ ತಿರುಗಿಸಿದೆ, ಒಳಗೆ ಹೋಗಿ ಒತ್ತಿದೆ, ಹಣ ಬಂತು.

ಲೆಕ್ಕಪತ್ರದ ಕೆಲಸದಲ್ಲಿರುವವರು ಗ್ರಾಹಕರ ಫೋನ್ ನಂಬರನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಈ ಮೂರು ಜೋಡಿಗಳ ಮೇಲೆ ಕಣ್ಣಾಡಿಸುವುದು ಒಳ್ಳೆಯದು.

ಹೆಜ್ಜೆ 4: ಹೊಸ ಪಿನ್ ಕಲಿಸುವುದು

ನಾಲ್ಕೇ ಅಂಕೆ ಏಕೆ ಎಂಬುದಕ್ಕೆ ಒಂದು ಅಡುಗೆಮನೆಯ ಕಥೆಯಿದೆ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಹಣ ಕೊಡುವ ಯಂತ್ರ ನಿಲ್ಲಿಸಿದ ಜಾನ್ ಶೆಫರ್ಡ್ ಬ್ಯಾರನ್ ನಮ್ಮ ಶಿಲ್ಲಾಂಗಿನಲ್ಲಿ ಹುಟ್ಟಿದವರು. ತಮ್ಮ ಸೈನ್ಯದ ಸಂಖ್ಯೆಯಂತೆ ಆರು ಅಂಕೆ ಇಡೋಣ ಎಂದುಕೊಂಡಿದ್ದರಂತೆ. ಹೆಂಡತಿ ಕ್ಯಾರೊಲಿನ್ ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲ ಎಂದರಂತೆ. ಇದು ಅವರೇ ಹೇಳಿಕೊಂಡದ್ದು. ಪಿನ್ನಿನ ಕೀರ್ತಿಗೆ ಬೇರೆ ಹಕ್ಕುದಾರರೂ ಇದ್ದಾರೆ. ನಮ್ಮಲ್ಲಿ ಯುಪಿಐ ಪಿನ್ ಕೆಲವು ಬ್ಯಾಂಕುಗಳಲ್ಲಿ ನಾಲ್ಕು, ಕೆಲವದರಲ್ಲಿ ಆರು. ಎರಡು ಖಾತೆ ಇಟ್ಟುಕೊಂಡವರ ಬೆರಳಿನ ಪಾಡು ದೇವರಿಗೇ ಪ್ರೀತಿ.

ಹೊಸ ಸಂಖ್ಯೆ ಆರಿಸುವಾಗ ಮೊದಲ ಅಂಕೆ ಹಳೆಯದರದ್ದೇ ಆಗಿರಬಾರದು. ಹಳೆಯ ಪಿನ್ ಎಡಮೂಲೆಯಿಂದ ಹೊರಡುತ್ತಿದ್ದರೆ ಹೊಸದು ಬಲಗಡೆಯಿಂದ ಹೊರಡಲಿ. ಮನೆ ಬದಲಿಸಿದ ಮೇಲೂ ಕಾಲು ಹಳೆಯ ಓಣಿಗೆ ತಿರುಗುವುದು ಎರಡು ದಾರಿಗಳ ಆರಂಭ ಒಂದೇ ಆಗಿದ್ದಾಗ. ನಡುವಿನಲ್ಲಿ ನೇರ ಇಳಿಯುವ 2580, ನಾಲ್ಕು ಮೂಲೆ ಮುಟ್ಟುವ 1397, ಎಲ್ಲರ ಮೆಚ್ಚಿನ 1234 ಬೇಡ. ಬೆರಳಿಗೆ ಸುಲಭವಾದ ಆಕಾರ ಕಳ್ಳನ ಕಣ್ಣಿಗೂ ಸುಲಭ. ಹುಟ್ಟಿದ ವರ್ಷವೂ ಬೇಡ.

ಸಂಖ್ಯೆಯನ್ನು ಮೊದಲು ಕಿವಿಗೆ ಕೊಡಿ, ಆಮೇಲೆ ಬೆರಳಿಗೆ. ಉದಾಹರಣೆಗೆ 7218 ಆದರೆ, "ಎಪ್ಪತ್ತೆರಡು, ಹದಿನೆಂಟು" ಎಂದು ಕನ್ನಡದಲ್ಲೇ ಜೋಡಿಯಾಗಿ ಹೇಳಿಕೊಳ್ಳಿ. ಬಸ್ಸಿನ ನಂಬರಿನಂತೆ ಅದಕ್ಕೊಂದು ಲಯ ಬರುತ್ತದೆ. ನಂತರ ಡಯಲ್ ಪ್ಯಾಡಿನಲ್ಲಿ, ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ, ಬೇಕೆಂದೇ ನಿಧಾನವಾಗಿ ಐದು ಸಲ ಒತ್ತಿ. ಇಲ್ಲಿ ಅವಸರ ಮಾಡಿದರೆ ತಪ್ಪು ಓಟವೂ ಪಳಗಿಬಿಡುತ್ತದೆ. ಬೆರಳಿಗೆ ಸರಿ ತಪ್ಪು ಗೊತ್ತಿಲ್ಲ, ಎಷ್ಟು ಸಲ ಎಂಬುದು ಮಾತ್ರ ಗೊತ್ತು. ಬೆಳಿಗ್ಗೆ ಐದು, ಮಧ್ಯಾಹ್ನ ಐದು, ಮಲಗುವ ಮುನ್ನ ಐದು, ಹೀಗೆ ಮೂರು ದಿನ ಮಾಡಿ. ಒಂದೇ ಕೂತಲ್ಲಿ ಐವತ್ತು ಸಲ ಒತ್ತುವುದಕ್ಕಿಂತ ಇದು ಮೇಲು. ಹಗಲು ಕಲಿತ ಬೆರಳೋಟ ರಾತ್ರಿಯ ನಿದ್ರೆಯ ನಂತರ ಇನ್ನಷ್ಟು ಕುದುರುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಮತ್ತೆ, ಪಿನ್ ಬದಲಿಸುವ ದಿನವನ್ನು ನೋಡಿ ಆರಿಸಿ. ಮದುವೆ ಜವಳಿಗೆ ಹೊರಡುವ ಹಿಂದಿನ ದಿನ, ಆಸ್ಪತ್ರೆಗೆ ಸೇರಿಸುವ ದಿನ, ಪ್ರವಾಸದ ರೈಲು ಹತ್ತುವ ದಿನ ಖಂಡಿತ ಬೇಡ.

ಹೆಜ್ಜೆ 5: ಬೆರಳಚ್ಚಿನ ಸೋಮಾರಿತನಕ್ಕೆ ವಾರಕ್ಕೊಂದು ರಜೆ

ಮೊಬೈಲನ್ನು ಬೆರಳಚ್ಚಿನಿಂದ, ಮುಖದಿಂದ ತೆರೆಯುವವರಿಗೆ ಅದರ ಪಿನ್ ಬೇಗ ಮರೆಯುತ್ತದೆ. ಆದರೆ ಫೋನ್ ಆರಿ ಹತ್ತಿದರೆ ಅದು ಕೇಳುವುದು ಪಿನ್ನನ್ನೇ. ಆದ್ದರಿಂದ ವಾರಕ್ಕೊಮ್ಮೆ ಫೋನನ್ನು ಆರಿಸಿ ಹಚ್ಚಿ, ಪಿನ್ ಒತ್ತಿ ಒಳಗೆ ಹೋಗಿ.

ಅಂಕೆಬೀಗದ ಬಾಗಿಲಿರುವ ಕಚೇರಿಗಳಿಗೂ ಒಂದು ಮಾತು. ವರ್ಷಗಟ್ಟಲೆ ಒಂದೇ ಸಂಖ್ಯೆ ಇಟ್ಟರೆ ನಾಲ್ಕು ಗುಂಡಿಗಳು ಮಾತ್ರ ಸವೆದು ಹೊಳೆಯುತ್ತವೆ. ನೋಡಿದವರಿಗೆ ಹತ್ತು ಸಾವಿರ ಸಾಧ್ಯತೆಗಳ ಬದಲು ಇಪ್ಪತ್ನಾಲ್ಕು ಮಾತ್ರ ಉಳಿಯುತ್ತವೆ. ಚಹಾ ಕುಡಿದು ಬರುವಷ್ಟರಲ್ಲಿ ಬಾಗಿಲು ತೆರೆದಿರುತ್ತದೆ.

ಹೆಜ್ಜೆ 6: ಕನ್ನಡ ಕೀಲಿಮಣೆಯಲ್ಲಿ ಒಂದನ್ನೇ ಹಿಡಿಯಿರಿ

ಅಂಕೆಗಳಿಗಿಂತ ನಮ್ಮನ್ನು ಹೆಚ್ಚು ಕಾಡುವುದು ಅಕ್ಷರಗಳು. ಕನ್ನಡ ಟೈಪಿಸಲು ಒಂದಲ್ಲ, ಹಲವು ವಿನ್ಯಾಸಗಳಿವೆ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸ ಒಂದು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿರಲೆಂದು 1986ರಲ್ಲಿ ಬಂದ ಇನ್‌ಸ್ಕ್ರಿಪ್ಟ್ ಇನ್ನೊಂದು. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರ ಬರೆದು ಕನ್ನಡ ಪಡೆಯುವ ಲಿಪ್ಯಂತರ ಮತ್ತೊಂದು.

ಒಂದೇ ಪದ ನೋಡಿ. 'ಕರ್ನಾಟಕ' ಎಂದು ನುಡಿಯಲ್ಲಿ ಬರೆಯಲು ಕೆ, ಆರ್, ಎಫ್, ಎನ್, ಶಿಫ್ಟ್ ಹಿಡಿದು ಎ, ಕ್ಯೂ, ಕೆ. ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಪದಕ್ಕೆ ಕೆ, ಜೆ, ಡಿ, ವಿ, ಇ, ಉದ್ಧರಣ ಚಿಹ್ನೆಯ ಕೀಲಿ, ಕೆ. ಎರಡರಲ್ಲೂ ಒಂದೇ ಆಗಿರುವುದು 'ಕ' ಮಾತ್ರ. ಇನ್ನೂ ಕಷ್ಟವೆಂದರೆ ನುಡಿಯಲ್ಲಿ ಒತ್ತಕ್ಷರ ಕೂಡಿಸುವ ಎಫ್ ಕೀಲಿ ಇನ್‌ಸ್ಕ್ರಿಪ್ಟ್‌ನಲ್ಲಿ ಗುಡಿಸು ಕೊಡುತ್ತದೆ. ನುಡಿಯಲ್ಲಿ 'ದ' ಕೊಡುವ ಡಿ ಕೀಲಿ ಅಲ್ಲಿ ಅಕ್ಷರ ಕೂಡಿಸುತ್ತದೆ. ಒಂದರಲ್ಲಿ ಪಳಗಿದ ಕೈ ಇನ್ನೊಂದರ ಮೇಲೆ ಕುಳಿತರೆ ಪ್ರತಿ ಒತ್ತಕ್ಷರದಲ್ಲೂ ಎಡವುತ್ತದೆ. ಆದ್ದರಿಂದ ಯಾವುದು ಶ್ರೇಷ್ಠ ಎಂಬ ವಾದಕ್ಕಿಳಿಯದೆ ನಿಮ್ಮ ಕಚೇರಿಯಲ್ಲಿ, ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಯಾವುದಿದೆಯೋ ಅದನ್ನು ಆರಿಸಿ, ಆರು ತಿಂಗಳು ಬೇರೆಯದನ್ನು ಮುಟ್ಟಬೇಡಿ. ನನ್ನ ಒಲವು ನುಡಿಯ ಕಡೆಗೆ. ಅದು ನನಗೆ ಮೊದಲು ಸಿಕ್ಕಿತು ಎಂಬುದಕ್ಕಿಂತ ದೊಡ್ಡ ಕಾರಣವೇನೂ ನನ್ನಲ್ಲಿಲ್ಲ.

ಕಲಿಯುವ ವಿಧಾನಕ್ಕೆ ಬಸ್ ನಿಲ್ದಾಣದ ಪಕ್ಕದ ಮಹಡಿಯ ಮೇಲಿರುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳೇ ಗುರು. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬುಗೆರೆಗಳನ್ನು ತೋರುಬೆರಳುಗಳಿಂದ ಹುಡುಕಿ, ಉಳಿದ ಬೆರಳುಗಳನ್ನು ಸಾಲಾಗಿ ಇಡಿ. ಕೈಗಳ ಮೇಲೆ ಒಂದು ಟವೆಲ್ ಹೊದಿಸಿ. ನಗಬೇಡಿ, ನಮ್ಮ ಮಾಸ್ತರರು ರಟ್ಟಿನ ಹಲಗೆ ಇಡುತ್ತಿದ್ದರು. ಕಣ್ಣಿಗೆ ಕೀಲಿ ಕಂಡರೆ ಬೆರಳು ಕಲಿಯುವುದೇ ಇಲ್ಲ. ಮೊದಲ ವಾರ ಅಕ್ಷರಗಳು, ಆಮೇಲೆ ಬಿಡಿ ಅಕ್ಷರ ಬಿಟ್ಟು 'ಮತ್ತು', 'ಇಲ್ಲ', 'ಎಂದು', 'ಅವರು' ಮುಂತಾದ ಪದೇಪದೇ ಬರುವ ಪದಗಳು. ಬೆರಳು ಪದವನ್ನು ಒಂದೇ ಉಸಿರಿನ ಓಟವಾಗಿ ಕಲಿಯುತ್ತದೆ. ದಿನಕ್ಕೆ ಹದಿನೈದು ನಿಮಿಷ ಸಾಕು. ಮೊಬೈಲಿನಲ್ಲಿ ಹೆಬ್ಬೆರಳುಗಳಿಂದ ಸರಸರ ಬರೆಯುವವರು ಕಂಪ್ಯೂಟರಿನಲ್ಲೂ ಹಾಗೇ ಬರುತ್ತದೆ ಎಂದು ನಿರೀಕ್ಷಿಸಬಾರದು. ಹೆಬ್ಬೆರಳು ಕಲಿತದ್ದನ್ನು ಉಳಿದ ಎಂಟು ಬೆರಳುಗಳು ಹೊಸದಾಗಿ ಕಲಿಯಬೇಕು.

ಹೆಜ್ಜೆ 7: ಕಲಸಿದ ಕೀಪ್ಯಾಡ್ ಎದುರಾದಾಗ

ಗುಂಡಿಯಿರುವ ಕೀಪ್ಯಾಡುಗಳಲ್ಲಿ ಐದರ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ, ಸವರಿ ನೋಡಿ. ದೃಷ್ಟಿಯಿಲ್ಲದವರಿಗೆ ಆ ಚುಕ್ಕೆಯೇ ದಿಕ್ಸೂಚಿ. ಗಾಜಿನ ಯಂತ್ರದಲ್ಲಿ ಅದಿಲ್ಲ, ಅಂಕೆಗಳನ್ನು ಕಲಸಿಬಿಟ್ಟರೆ ಜಾಗದ ನೆನಪೂ ಇಲ್ಲ. ಕಳ್ಳನನ್ನು ತಡೆಯಲು ಹೊರಟು ಮುದುಕರನ್ನೂ ಕಣ್ಣು ಕಾಣದವರನ್ನೂ ತಡೆದಂತಾಯಿತು ಎಂಬ ನನ್ನ ದೂರು ಹಾಗೇ ಇದೆ.

ಅಂಥ ಯಂತ್ರ ಎದುರಾದರೆ ಕೈಯನ್ನು ಮೊದಲು ಹಿಂದಕ್ಕೆ ತೆಗೆದುಕೊಳ್ಳಿ. ಮನಸ್ಸಿನಲ್ಲಿ ಮೊದಲ ಅಂಕೆಯ ಹೆಸರು ಹೇಳಿ, ಕಣ್ಣಿನಿಂದ ಹುಡುಕಿ, ಒತ್ತಿ. ಆಮೇಲೆ ಎರಡನೆಯದು. ನಾಲ್ಕನೇ ಹೆಜ್ಜೆಯಲ್ಲಿ ಕಿವಿಗೆ ಕೊಟ್ಟಿದ್ದ ಸಂಖ್ಯೆ ಕೆಲಸಕ್ಕೆ ಬರುವುದು ಇಲ್ಲಿಯೇ. ಎಡ ಅಂಗೈಯನ್ನು ಮರೆಯಾಗಿ ಹಿಡಿಯುವುದನ್ನು ಮರೆಯಬೇಡಿ.

ತಿಂಗಳ ನಂತರ ಅದೇ ಔಷಧಿ ಅಂಗಡಿಗೆ ಹೋದೆ. ಹಳೆಯ ಸಾಲ ತೀರಿಸಿ, ಹೊಸ ಬಿಲ್ಲಿಗೆ ಕಾರ್ಡ್ ಕೊಟ್ಟೆ. ಅದೇ ಗಾಜು, ಅಂಕೆಗಳು ಈ ಸಲ ಬೇರೆಯೇ ಬಗೆಯಲ್ಲಿ ಕಲಸಿಕೊಂಡಿದ್ದವು. ನಾನು ಗಾಬರಿಯಾಗಲಿಲ್ಲ. ಒಂದೊಂದೇ ಅಂಕೆಯನ್ನು ಹೇಳಿಕೊಳ್ಳುತ್ತಾ, ಹುಡುಕುತ್ತಾ ಒತ್ತಿದೆ. ಹಣ ಪಾವತಿಯಾಯಿತು. ರಸೀದಿ ಹರಿದು ಕೊಡುತ್ತಾ ಅಂಗಡಿಯ ಹುಡುಗ ಮುಂದಕ್ಕೆ ಬಾಗಿ ಹೇಳಿದ: "ಸರ್, ಮುಂದಿನ ಸಲ ಮನಸ್ಸಿನಲ್ಲೇ ಹೇಳಿಕೊಳ್ಳಿ. ಹಿಂದಿನವರಿಗೆಲ್ಲ ಕೇಳಿಸಿತು."

ನಾಲ್ಕನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿದ್ದೇನೆ.